ಇಪ್ಪತ್ತು ಮಕ್ಕಳ ಲೆಕ್ಕ

ಜೂನ್ 16, ಸೋಮವಾರ. ನಾಸಿಕ್‌ನಲ್ಲಿ ಮಗಳ ಶಾಲೆ ತೆರೆಯಿತು. ಅವಳೀಗ ಮೂರನೆಯ ತರಗತಿ. ಗೇಟಿಗೆ ಮಾವಿನ ತೋರಣ, ಒಳಗೆ ರಂಗೋಲಿ, ಒಂದನೆಯ ತರಗತಿಗೆ ಹೊಸದಾಗಿ ಸೇರಿದ ಮಕ್ಕಳ ಕೈಗೆ ಗುಲಾಬಿ ಹೂವು. ಇಲ್ಲಿ ಇದಕ್ಕೆ ‘ಪ್ರವೇಶೋತ್ಸವ’ ಎನ್ನುತ್ತಾರೆ. ಅದೇ ಹೊತ್ತಿಗೆ ಛತ್ರಪತಿ ಸಂಭಾಜಿನಗರದಿಂದ ಅಕ್ಕನೂ ಒಂದು ಫೋಟೋ ಕಳಿಸಿದಳು. ಭಾವನ ಕೆಲಸ ವಾಳುಜ್ ಕೈಗಾರಿಕಾ ಪ್ರದೇಶದಲ್ಲಿ. ಮಗ ಎರಡನೆಯ ತರಗತಿಗೆ ಕಾಲಿಟ್ಟಿದ್ದಾನೆ. ಧಾರವಾಡದಲ್ಲಿರುವ ಅಮ್ಮ ಎರಡೂ ಫೋಟೋ ನೋಡಿ, ಮನೆಯ ವಾಟ್ಸಾಪ್ ಗುಂಪಿನಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಹರಸಿ ಬರೆದರು.

ಮೊಮ್ಮಕ್ಕಳಿಬ್ಬರೂ ಅದನ್ನು ಓದಲಿಲ್ಲ. ಓದಲು ಬರುವುದಿಲ್ಲ. ಮಾತಿಗೆ ಕನ್ನಡ ಉಂಟು, ಜಗಳಕ್ಕೂ ಉಂಟು. ಓದಿಗೆ ಮಾತ್ರ ಇಂಗ್ಲಿಷ್ ಮತ್ತು ಮರಾಠಿ. ಈ ಸಲದ ಶಾಲಾ ವರ್ಷದ ಸುದ್ದಿ, ಮುಂದೆ ಬರಲಿರುವ ಕಾರ್ಯಕ್ರಮಗಳನ್ನು ಬರೆಯಲು ಕುಳಿತಾಗ ನನಗೆ ಮೊದಲು ನೆನಪಾದದ್ದು ಆ ನಾಲ್ಕು ಸಾಲುಗಳೇ.

ಹನ್ನೆರಡು ದಿನ ಬದುಕಿದ ಆಸೆ

ಶಾಲೆ ತೆರೆದ ಮರುದಿನವೇ, ಜೂನ್ 17ರಂದು, ರಾಜ್ಯ ಸರ್ಕಾರದ ಒಂದು ಆದೇಶ ಬಂತು. ಒಂದನೆಯ ತರಗತಿಯಿಂದಲೇ ಹಿಂದಿ ಮೂರನೆಯ ಭಾಷೆ ಎಂದು ಏಪ್ರಿಲ್‌ನಲ್ಲಿ ಹೊರಟಿದ್ದ ಆದೇಶಕ್ಕೆ ಅದು ತಿದ್ದುಪಡಿ. ಹಿಂದಿಯ ಬದಲು ಬೇರೆ ಭಾರತೀಯ ಭಾಷೆ ಬೇಕೆನ್ನುವವರಿಗೆ ಅದರಲ್ಲಿ ಒಂದು ದಾರಿ ಇತ್ತು: ಒಂದು ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಆ ಭಾಷೆ ಕೇಳಿದರೆ ಶಿಕ್ಷಕರನ್ನು ಕೊಡಬೇಕು, ಇಲ್ಲವೇ ಆನ್‌ಲೈನ್ ಪಾಠ ನಡೆಸಬೇಕು.

ನಾನು ಆಫೀಸಿನ ಕೆಲಸ ಬಿಟ್ಟು ಲೆಕ್ಕ ಹಾಕಲು ಕುಳಿತೆ. ಮಗಳ ತರಗತಿಯಲ್ಲಿ ಮನೆಮಾತು ಕನ್ನಡವಾಗಿರುವ ಮಕ್ಕಳು ಮೂವರು. ಕೆಳಗಿನ ಎರಡು ತರಗತಿಗಳಲ್ಲಿ ಒಟ್ಟು ಐವರು. ಅಕ್ಕನ ಮಗನ ತರಗತಿಯಲ್ಲಿ ಅವನನ್ನು ಸೇರಿಸಿ ಇಬ್ಬರು. ಎರಡು ಊರು, ಎರಡು ಶಾಲೆ, ಎಲ್ಲ ಕೂಡಿಸಿದರೂ ಹತ್ತು. ಅಷ್ಟರಲ್ಲಿ ಭಾಷೆಯ ವಾದ ಕಾವೇರಿ, ಜೂನ್ 29ರಂದು ಸರ್ಕಾರ ಎರಡೂ ಆದೇಶಗಳನ್ನು ಹಿಂತೆಗೆದುಕೊಂಡಿತು. ಮುಂದೇನೆಂದು ಹೇಳಲು ಡಾ. ನರೇಂದ್ರ ಜಾಧವ್ ಅವರ ಸಮಿತಿ ಬಂದಿದೆ.

ಆ ವಾದದ ಸರಿತಪ್ಪು ಇಲ್ಲಿ ಬೇಡ. ನನಗೆ ಉಳಿದದ್ದು ಲೆಕ್ಕ. ಮುಂಬಯಿಯ ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇದೆ. ಪುಣೆಯಲ್ಲಿ ಕನ್ನಡ ಸಂಘ ಶಾಲೆ ನಡೆಸುತ್ತಿದೆ. ಜತ್ತ, ಅಕ್ಕಲಕೋಟೆ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳೇ ಇವೆ. ನಮ್ಮಂಥ ಊರುಗಳಲ್ಲಿ, ನಮ್ಮಂಥವರ ಮಕ್ಕಳು ಓದುವ ಶಾಲೆಗಳಲ್ಲಿ, ಒಂದು ತರಗತಿಗೆ ಇಪ್ಪತ್ತು ಕನ್ನಡದ ಮಕ್ಕಳು ಕೂಡುವುದಿಲ್ಲ. 2020ರ ಕಾಯ್ದೆಯಂತೆ ಮರಾಠಿ ಕಡ್ಡಾಯ. ಮಕ್ಕಳು ಅದನ್ನು ಚೆನ್ನಾಗಿ ಕಲಿಯುತ್ತಿದ್ದಾರೆ, ಕಲಿಯಲೇಬೇಕು. ಆದರೆ ಕನ್ನಡವನ್ನು ಶಾಲೆ ಕಲಿಸಲೆಂದು ಕಾಯುತ್ತ ಕೂರುವ ಹಾಗಿಲ್ಲ. ಶಾಲೆಯ ಕ್ಯಾಲೆಂಡರನ್ನೇ ಕೈಗೆತ್ತಿಕೊಂಡು ನೋಡಿದೆವು. ಅದರಲ್ಲಿ ನಮಗೆ ಬೇಕಾದದ್ದು ಎಣಿಸಿದ್ದಕ್ಕಿಂತ ಹೆಚ್ಚೇ ಇತ್ತು.

ಜುಲೈ: ದಿಂಡಿ

ಆಷಾಢಿ ಏಕಾದಶಿ ಈ ಸಲ ಜುಲೈ 6ರ ಭಾನುವಾರ ಬಂದಿದ್ದರಿಂದ ಶಾಲೆಯ ದಿಂಡಿ ಶನಿವಾರವೇ ನಡೆಯಿತು. ಹುಡುಗರು ಬಿಳಿ ಟೋಪಿ ತೊಟ್ಟು ತಾಳ ಹಿಡಿದರು. ಹುಡುಗಿಯರು ನವ್ವಾರಿ ಸೀರೆಯುಟ್ಟು ತಲೆಯ ಮೇಲೆ ತುಳಸಿ ಕುಂಡ ಹೊತ್ತರು. ಮಗಳು ರಖುಮಾಯಿ. ಅವಳ ಪಕ್ಕದ ವಿಠಲ ಅರ್ಧ ದಾರಿಯಲ್ಲೇ ಸೊಂಟದ ಮೇಲಿನ ಕೈ ತೆಗೆದು ಮೂಗು ಒರೆಸಿಕೊಂಡ.

ಈ ಎರಡೂ ಜಿಲ್ಲೆಗಳು ಪಂಢರಪುರಕ್ಕೆ ಪಾಲಖಿ ಕಳಿಸುವ ಜಿಲ್ಲೆಗಳು. ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದಿಂದ ನಿವೃತ್ತಿನಾಥರದು ಹೊರಡುತ್ತದೆ, ಸಂಭಾಜಿನಗರ ಜಿಲ್ಲೆಯ ಪೈಠಣದಿಂದ ಏಕನಾಥರದು. ನಿವೃತ್ತಿನಾಥರ ತಮ್ಮ ಜ್ಞಾನೇಶ್ವರರು ಒಂದು ಅಭಂಗದಲ್ಲಿ ವಿಠಲನನ್ನು ಕರ್ನಾಟಕದವನೆಂದೇ ಹಾಡಿದ್ದಾರೆ. ವಿಜಯನಗರಕ್ಕೆ ಹೋಗಿದ್ದ ವಿಠಲಮೂರ್ತಿಯನ್ನು ಪಂಢರಪುರಕ್ಕೆ ಮರಳಿ ತಂದವರು ಏಕನಾಥರ ಮುತ್ತಜ್ಜ ಭಾನುದಾಸರು ಎನ್ನುವುದು ವಾರಕರಿಗಳ ನಂಬಿಕೆ. ಅಮ್ಮ ಆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಮಗಳಿಗೆ ಪುರಂದರದಾಸರ ಕಥೆ ಹೇಳಿದರು. ಹಾಡಿನ ಕೊನೆಯಲ್ಲಿ ‘ಪುರಂದರ ವಿಠಲ’ ಎಂದು ಬಂದಾಗ ಮಗಳು, “ಇವನು ನಮ್ಮ ಶಾಲೆಯ ವಿಠಲನೇನು?” ಎಂದು ಕೇಳಿದಳು. ಆ ವಾರ ಅವಳು ಕನ್ನಡದಲ್ಲಿ ಬರೆದ ಮೊದಲ ಪದ ‘ವಿಠಲ’. ಮೂರೇ ಅಕ್ಷರ, ಒತ್ತಿಲ್ಲ, ಒಂದೇ ಒಂದು ಗುಡಿಸು.

ಆಗಸ್ಟ್: ಮಣ್ಣಿನ ಎತ್ತು, ಮಣ್ಣಿನ ಗಣಪ

ಆಗಸ್ಟ್ 22ರಂದು ಪೋಳಾ. ಶ್ರಾವಣದ ಅಮಾವಾಸ್ಯೆಗೆ ಇಲ್ಲಿ ಎತ್ತುಗಳ ಹಬ್ಬ. ಶಾಲೆಯಲ್ಲಿ ಹಿಂದಿನ ದಿನ ಮಣ್ಣಿನ ಎತ್ತು ಮಾಡಿಸುತ್ತಾರೆ. ನಮ್ಮ ಕಡೆ ಈ ಕೆಲಸ ಎರಡು ತಿಂಗಳು ಮೊದಲೇ ಆಗಿರುತ್ತದೆ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆ ಈ ವರ್ಷ ಜೂನ್ 25ಕ್ಕೆ ಆಗಿಹೋಯಿತು. ಮಗಳು ಹೋದ ವರ್ಷ ಧಾರವಾಡದಲ್ಲಿ ಮಾಡಿದ ಎತ್ತಿನ ಜೋಡಿ ಈಗಲೂ ಅಜ್ಜಿಯ ಕಪಾಟಿನಲ್ಲಿದೆ. ಈ ಸಲ ಶಾಲೆಗೆ ಅದರ ಫೋಟೋ ಒಯ್ಯುತ್ತಾಳಂತೆ. ಮಳೆಯ ಮೊದಲಿಗೇ ಒಂದು ಕಡೆ ಪೂಜೆ, ಬಿತ್ತನೆಯ ದುಡಿತ ಮುಗಿದ ಮೇಲೆ ಇನ್ನೊಂದು ಕಡೆ. ಇದನ್ನು ತರಗತಿಯಲ್ಲಿ ಹೇಳಲು ಅವಳೇ ಕೈ ಎತ್ತಿದ್ದಾಳೆ.

ಆಗಸ್ಟ್ 27ರ ಗಣೇಶ ಚತುರ್ಥಿಗೆ ಮುಂಚೆ ಎರಡೂ ಶಾಲೆಗಳಲ್ಲಿ ಶಾಡು ಮಣ್ಣಿನ ಗಣಪತಿ ಮಾಡುವ ಕಮ್ಮಟ ಇದೆ. ಪ್ಲಾಸ್ಟರ್ ಬೇಡ, ಬಣ್ಣ ಬೇಡ, ಮನೆಯ ಬಕೆಟ್‌ನಲ್ಲೇ ಕರಗಬೇಕು ಎಂಬುದು ಶಾಲೆಯ ಸೂಚನೆ.

ಸೆಪ್ಟೆಂಬರ್ 17: ಒಂದು ಶಾಲೆಯಲ್ಲಿ ಧ್ವಜ, ಇನ್ನೊಂದರಲ್ಲಿ ಪಾಠ

ಈ ದಿನ ನಮ್ಮ ಎರಡು ಮನೆಗಳ ನಡುವೆ ಪ್ರತಿ ವರ್ಷ ಗೊಂದಲ. ಅಕ್ಕನ ಮಗ ಬೆಳಗ್ಗೆಯೇ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ಧ್ವಜಾರೋಹಣಕ್ಕೆ ಹೋಗುತ್ತಾನೆ, ಏಕೆಂದರೆ ಅದು ಮರಾಠವಾಡಾ ಮುಕ್ತಿಸಂಗ್ರಾಮ ದಿನ. ನಾಸಿಕ್‌ನ ಮಗಳಿಗೆ ಅಂದು ಮಾಮೂಲಿ ಗಣಿತದ ಪೀರಿಯಡ್. ಇಬ್ಬರೂ ಇರುವುದು ಒಂದೇ ರಾಜ್ಯದಲ್ಲಿ, ಮತ್ತೇಕೆ ಹೀಗೆ?

ಉತ್ತರ ನಮ್ಮ ಊರುಗಳಲ್ಲೇ ಇದೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಹೈದರಾಬಾದ್ ಸಂಸ್ಥಾನ ಶರಣಾಯಿತು. ಅಂದಿನ ಔರಂಗಾಬಾದ್ ಆ ಸಂಸ್ಥಾನದ್ದು. ಕಲಬುರಗಿ, ಬೀದರ್, ರಾಯಚೂರುಗಳೂ ಅದರವೇ. ನಾಸಿಕ್ ಮಾತ್ರ ನಮ್ಮ ಧಾರವಾಡ, ಬೆಳಗಾವಿ, ವಿಜಯಪುರಗಳಂತೆ ಮುಂಬಯಿ ಪ್ರಾಂತದಲ್ಲಿತ್ತು. 1956ರಲ್ಲಿ ಭಾಷೆಯ ಗೆರೆ ಎಳೆದಾಗ ಇವೆಲ್ಲ ಬೇರೆ ಬೇರೆಯಾದವು. ಹಾಗಾಗಿ ಸೆಪ್ಟೆಂಬರ್ 17ರ ಬೆಳಗ್ಗೆ ಸಂಭಾಜಿನಗರದ ಶಾಲೆಯೂ ಕಲಬುರಗಿಯ ಶಾಲೆಯೂ ಒಟ್ಟಿಗೆ ಬಾವುಟ ಹಾರಿಸುತ್ತವೆ. ಧಾರವಾಡದ ಶಾಲೆಯೂ ನಾಸಿಕ್‌ನ ಶಾಲೆಯೂ ಒಟ್ಟಿಗೆ ಪಾಠ ಮಾಡುತ್ತವೆ.

ಈ ಸಲ ಅಕ್ಕನ ಮಗ ಎರಡು ನಿಮಿಷ ಭಾಷಣ ಮಾಡಬೇಕು, ಸ್ವಾಮಿ ರಾಮಾನಂದ ತೀರ್ಥರ ಬಗ್ಗೆ. ಇಂದಿನ ಕರ್ನಾಟಕದ ನೆಲದಲ್ಲಿ ಹುಟ್ಟಿ, ಮರಾಠವಾಡಾದಲ್ಲಿ ಶಾಲಾ ಮಾಸ್ತರರಾಗಿದ್ದು, ಆಮೇಲೆ ಹೈದರಾಬಾದ್ ಹೋರಾಟದ ಮುಂದಾಳಾದವರು ಅವರು. 1952ರಲ್ಲಿ ಕಲಬುರಗಿಯಿಂದ, 1957ರಲ್ಲಿ ಔರಂಗಾಬಾದ್‌ನಿಂದ ಲೋಕಸಭೆಗೆ ಆಯ್ಕೆಯಾದರು. ಎರಡೂ ಕಡೆಯವರು ತಮ್ಮವರೆಂದುಕೊಂಡ ಮನುಷ್ಯ. ಭಾಷಣ ಮರಾಠಿಯಲ್ಲಿ. ಆದರೆ ಅಕ್ಕ ಅದನ್ನು ಮೊದಲು ಕನ್ನಡದಲ್ಲಿ ಹೇಳಿಸುತ್ತಿದ್ದಾಳೆ.

ದಸರೆಯಿಂದ ಫೆಬ್ರವರಿವರೆಗೆ

ರಜೆಯ ವಿಷಯದಲ್ಲಿ ಮಾತ್ರ ಈ ವರ್ಷವೂ ಹೊಂದಿಕೆಯಿಲ್ಲ. ಕರ್ನಾಟಕದ ಮಕ್ಕಳಿಗೆ ಸೆಪ್ಟೆಂಬರ್ 20ರಿಂದ ದಸರಾ ರಜೆ. ನಮ್ಮವರಿಗೆ ದೊಡ್ಡ ರಜೆ ದೀಪಾವಳಿಗೆ, ಅಕ್ಟೋಬರ್ ಮಧ್ಯದ ನಂತರ. ಊರಿಗೆ ಹೋದಾಗ ಓರಗೆಯ ಮಕ್ಕಳು ಶಾಲೆಯಲ್ಲಿರುತ್ತಾರೆ. ಹಗಲು ಆಡಲು ಯಾರೂ ಸಿಗದ ಆ ಹೊತ್ತನ್ನು ಅಜ್ಜಿಯ ಜೊತೆ ಅಕ್ಷರ ತಿದ್ದಲು ಇಟ್ಟುಕೊಂಡಿದ್ದೇವೆ.

ಅಕ್ಟೋಬರ್ 15, ಅಬ್ದುಲ್ ಕಲಾಂ ಅವರ ಹುಟ್ಟಿದ ದಿನ, ಇಲ್ಲಿ ‘ವಾಚನ ಪ್ರೇರಣಾ ದಿನ’. ಮಕ್ಕಳು ಮನೆಯಿಂದ ಇಷ್ಟದ ಪುಸ್ತಕ ತಂದು ಓದಬೇಕು. ಯಾವ ಭಾಷೆಯದೂ ಆಗಬಹುದೇ ಎಂದು ಟೀಚರನ್ನು ಕೇಳಿದೆ. “ಆಗಲಿ, ಕನ್ನಡದ್ದೇ ತರಲಿ” ಎಂದರು. ಆ ದಿನಕ್ಕೆ ಇನ್ನು ಮೂರು ತಿಂಗಳಿದೆ. ಒಂದು ಪುಟವಾದರೂ ತಾನೇ ಓದಬೇಕು ಎಂಬುದು ಮಗಳ ಗುರಿ.

ಚಳಿಗಾಲದಲ್ಲಿ ಸಂಭಾಜಿನಗರದ ಶಾಲೆಯ ಪ್ರವಾಸ ಎಲ್ಲೋರಕ್ಕೆ. ರಾಷ್ಟ್ರಕೂಟರ ಒಂದನೆಯ ಕೃಷ್ಣ ಎಂಟನೆಯ ಶತಮಾನದಲ್ಲಿ ಮೇಲಿನಿಂದ ಕೆಳಕ್ಕೆ ಕೊರೆಸಿದ ಕೈಲಾಸ ದೇಗುಲ ಅಲ್ಲಿಯ 16ನೆಯ ಗುಹೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ನೋಡಿದ ಮಕ್ಕಳಿಗೆ ಅದು ಕಂಡ ಮುಖವೇ ಅನ್ನಿಸೀತು. ಹೋಗುವ ಮೊದಲು ಅಕ್ಕ ಎರಡರ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಲಿದ್ದಾಳೆ.

ಜನವರಿ 3 ಸಾವಿತ್ರಿಬಾಯಿ ಫುಲೆ ಜಯಂತಿ. ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಕಥೆಯನ್ನು ಮಕ್ಕಳು ನಾಟಕ ಮಾಡುತ್ತಾರೆ. ಅದರ ಜೊತೆಗೆ ನಾವು ಮನೆಯಲ್ಲಿ ಡೆಪ್ಯೂಟಿ ಚನ್ನಬಸಪ್ಪನವರ ಕಥೆ ಹೇಳುತ್ತೇವೆ. ಧಾರವಾಡ ಸೀಮೆಯ ಕನ್ನಡದ ಮಕ್ಕಳು ತಮ್ಮ ಊರಿನಲ್ಲೇ ಮರಾಠಿ ಶಾಲೆಯಲ್ಲಿ ಕಲಿಯಬೇಕಾಗಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರು ಅವರು.

ಫೆಬ್ರವರಿ 27 ಮರಾಠಿ ಭಾಷಾ ಗೌರವ ದಿನ. ಅದು ಕುಸುಮಾಗ್ರಜರ ಹುಟ್ಟುಹಬ್ಬ. ಅವರು ಬಾಳಿದ್ದು ನಾಸಿಕ್‌ನಲ್ಲೇ, ಹಾಗಾಗಿ ಇಲ್ಲಿಯ ಶಾಲೆಗಳಿಗೆ ಅದು ಮನೆಯ ಹಬ್ಬ. ಅಂದು ಮಗಳು ಕುಸುಮಾಗ್ರಜರ ಪದ್ಯ ಹೇಳಲಿ. ಮನೆಮಾತು ಮರಾಠಿಯಾಗಿದ್ದೂ ಕನ್ನಡದ ವರಕವಿಯಾದ ಬೇಂದ್ರೆಯವರ ಸಾಧನಕೇರಿ ಅಜ್ಜಿಯ ಊರಿನಲ್ಲೇ ಇದೆ ಎನ್ನುವುದೂ ಅವಳಿಗೆ ಗೊತ್ತಿರಲಿ.

ಲಿಪಿಗೆ ಏನು ಮಾಡುತ್ತಿದ್ದೇವೆ

ಮಾತು ಬರುವ ಮಗುವಿಗೆ ಲಿಪಿ ಕಲಿಸುವುದು ನಾನು ಹೆದರಿದಷ್ಟು ಕಷ್ಟವಲ್ಲ. ಮರಾಠಿ ಕಲಿತ ಮಗುವಿಗೆ ಕ ಖ ಗ ಘ ಸಾಲು ಬಾಯಿಪಾಠ. ಅವರ ಬಾರಾಖಡಿಯೇ ನಮ್ಮ ಕಾಗುಣಿತ. ಹಿಂದಿಯಲ್ಲಿಲ್ಲದ ‘ಳ’ ಮರಾಠಿಯಲ್ಲಿದೆ. ಎಡವುವುದು ಎರಡೇ ಕಡೆ. ಒಂದು, ನಮ್ಮ ಹ್ರಸ್ವ ಎ, ಒ. ಮರಾಠಿ ಬರಹದಲ್ಲಿ ಆ ವ್ಯತ್ಯಾಸವಿಲ್ಲ. ಮಗಳು ‘ಕೆರೆ’ ಎಂದು ಬರೆಯಲು ಹೋಗಿ ‘ಕೇರೆ’ ಎಂದು ಬರೆದಳು. ಈಜಲು ಹೊರಟವರಿಗೆ ಹಾವು ಸಿಕ್ಕಿತು ಎಂದು ನಕ್ಕೆವು. ಆಮೇಲೆ ಅವಳು ಅದನ್ನು ತಪ್ಪಿಲ್ಲ. ಎರಡು, ಒತ್ತಕ್ಷರ. ಮರಾಠಿಯಲ್ಲಿ ಅರ್ಧ ಅಕ್ಷರ ಪಕ್ಕದಲ್ಲಿ ನಿಲ್ಲುತ್ತದೆ, ಕನ್ನಡದಲ್ಲಿ ಕೆಳಗಿಳಿಯುತ್ತದೆ. ಇದಕ್ಕೆ ಅಭ್ಯಾಸವೇ ಮದ್ದು.

ಪುಸ್ತಕಕ್ಕೂ ಅಲೆಯಬೇಕಿಲ್ಲ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಅಚ್ಚು ಮಾಡುತ್ತದೆ, ಪಿಡಿಎಫ್ ಉಚಿತ. ನಾವು ಇಳಿಸಿಕೊಂಡದ್ದು ಗಣಿತದ ಪುಸ್ತಕ. ಪಾಠ ಅದೇ, ಚಿತ್ರ ಅದೇ, ಲೆಕ್ಕವೂ ಅದೇ. ಶಾಲೆಯಲ್ಲಿ ಮಾಡಿದ ಲೆಕ್ಕವನ್ನು ರಾತ್ರಿ ಕನ್ನಡದಲ್ಲಿ ಓದುತ್ತಾಳೆ. ಉತ್ತರ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಅಕ್ಷರದ ಮೇಲೆ. ಕಥೆಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಇದೆ. ಒಂದೇ ಕಥೆ ಮರಾಠಿಯಲ್ಲೂ ಕನ್ನಡದಲ್ಲೂ ಸಿಗುತ್ತದೆ. ದಿನಕ್ಕೆ ಹದಿನೈದು ನಿಮಿಷ, ಊಟಕ್ಕೆ ಮುಂಚೆ. ಹೆಚ್ಚು ಮಾಡಲು ಹೋದ ವಾರ ಇಬ್ಬರೂ ಅತ್ತಿದ್ದೇವೆ.

ಆ ಹತ್ತು ಮಕ್ಕಳ ಮನೆಗಳನ್ನೂ ಸೇರಿಸಿ ಭಾನುವಾರ ಸಂಜೆ ಅರ್ಧ ಗಂಟೆಯ ವಿಡಿಯೋ ಕಾಲ್ ಶುರು ಮಾಡಿದ್ದೇವೆ. ಮೊದಲ ವಾರ ನಾಲ್ವರು ಬಂದರು, ಎರಡನೆಯ ವಾರ ಏಳು. ಪಾಠವಿಲ್ಲ, ಒಬ್ಬರು ಓದುತ್ತಾರೆ, ಉಳಿದವರು ತಪ್ಪು ಹಿಡಿಯುತ್ತಾರೆ. ಮಕ್ಕಳಿಗೆ ತಪ್ಪು ಹಿಡಿಯುವಷ್ಟು ಖುಷಿ ಇನ್ಯಾವುದರಲ್ಲೂ ಇಲ್ಲ.

ಅಜ್ಜಿ ಬರುತ್ತಾರೆ

ಕ್ಯಾಲೆಂಡರಿನಲ್ಲಿ ಒಂದು ದಿನವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಸೆಪ್ಟೆಂಬರ್‌ನಲ್ಲಿ ಶಾಲೆಯಲ್ಲಿ ‘ಆಜಿ-ಆಜೋಬಾ ದಿವಸ’. ಅಜ್ಜ-ಅಜ್ಜಿಯರನ್ನು ಕರೆದು ಆಟ ಆಡಿಸುತ್ತಾರೆ, ಕಥೆ ಹೇಳಿಸುತ್ತಾರೆ. ಅಮ್ಮನಿಗೆ ಮರಾಠಿ ಅರ್ಥವಾಗುತ್ತದೆ, ಆದರೆ ನಾಲ್ಕು ಮಾತು ಕೂಡಿಸಿ ಹೇಳಲು ಸಂಕೋಚ. “ನಾನು ಬಂದು ಏನು ಮಾಡಲಿ, ಸುಮ್ಮನೆ ಕೂರಬೇಕಾಗುತ್ತೆ” ಎಂದರು. ಇದನ್ನು ಟೀಚರಿಗೆ ಹೇಳಿದಾಗ ಅವರು ಸುಲಭವಾಗಿ ಬಗೆಹರಿಸಿದರು: ಅಜ್ಜಿ ಕನ್ನಡದಲ್ಲೇ ಹೇಳಲಿ, ಮೊಮ್ಮಗಳು ಮರಾಠಿಯಲ್ಲಿ ತಿಳಿಸಲಿ.

ಅಂದಿನಿಂದ ಮನೆಯಲ್ಲಿ ತಾಲೀಮು. ದಿನವೂ ಫೋನಿನಲ್ಲಿ ಅಮ್ಮ ಒಂದು ತುಂಡು ಕಥೆ ಹೇಳುತ್ತಾರೆ, ಮಗಳು ನಿಲ್ಲಿಸಿ ನಿಲ್ಲಿಸಿ ಮರಾಠಿ ಮಾಡುತ್ತಾಳೆ. ‘ತುಪ್ಪ’ಕ್ಕೆ ‘ತೂಪ’ ತಾನಾಗಿ ಬಂತು. ‘ಅಕ್ಕ’ನಿಗೆ ಏನೂ ಮಾಡಬೇಕಾಗಲಿಲ್ಲ. ‘ಹಿತ್ತಲು’ ಎಂಬಲ್ಲಿ ಸಿಕ್ಕಿಬಿದ್ದಳು. ಅಪಾರ್ಟ್‌ಮೆಂಟಿನ ಮಗುವಿಗೆ ಹಿತ್ತಲು ಎಂದರೇನೆಂದೇ ಗೊತ್ತಿರಲಿಲ್ಲ. ಅಮ್ಮ ಫೋನ್ ಹಿಡಿದು ಹಿತ್ತಲಿಗೇ ಹೋಗಿ ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು ಎಲ್ಲ ತೋರಿಸಿದರು.

ಕಥೆಯ ಕೊನೆಯ ಭಾಗವನ್ನು ಅಮ್ಮ ಫೋನಿನಲ್ಲಿ ಹೇಳುವುದಿಲ್ಲವಂತೆ. ಕನ್ನಡದಲ್ಲಿ ಬರೆದು ಅಂಚೆಗೆ ಹಾಕಿದ್ದಾರೆ. ಓದಿ ಹೇಳಬೇಡ ಎಂದು ನನಗೂ ತಾಕೀತಾಗಿದೆ. ಮೊನ್ನೆ ಲಕೋಟೆ ಬಂತು. ಒಂದೂವರೆ ಪುಟ, ದಪ್ಪ ಅಕ್ಷರ, ಒತ್ತುಗಳೇನೂ ಕಡಿಮೆಯಿಲ್ಲ. ಮಗಳು ಈವರೆಗೆ ಮೂರು ಸಾಲು ಬಿಡಿಸಿದ್ದಾಳೆ.