ಗಡಿ ದಾಟಿದ ಒಂದು ಗೇಣು ಕಡ್ಡಿ

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಕಡ್ಡಿಯ ಬೆಲೆ ಗೊತ್ತು. ಚಾಟ್ನಿ ಮಾಡುವಾಗ ಕತ್ತರಿಸಿ ಬಿದ್ದ ಬಳ್ಳಿಯಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ ಒಂದು ತುಂಡು, ಅದರಲ್ಲಿ ಜೀವವಿರುವ ಎರಡು ಮೂರು ಕಣ್ಣು ಇದ್ದರೆ ಸಾಕು. ಡಾಗ್‌ರಿಜ್ ಬೇರುಗಿಡಕ್ಕೆ ಕಸಿ ಕಟ್ಟಿದರೆ ತಾಯಿಬಳ್ಳಿಯ ಗುಣವೆಲ್ಲ ಹಾಗೆಯೇ ಇಳಿದು ಬರುತ್ತದೆ. ಹದಿನೆಂಟು ವರ್ಷ ದುಡಿದು ಕಟ್ಟಿದ ತಳಿಯಾದರೂ ಅಷ್ಟೇ, ಕೋಟಿನ ಒಳಜೇಬಿನಲ್ಲಿ ಹಿಡಿಸುತ್ತದೆ. ಜಪಾನಿನ ಶೈನ್ ಮಸ್ಕಟ್ ದ್ರಾಕ್ಷಿಯ ಕತೆ ಶುರುವಾಗುವುದು ಮುಗಿಯುವುದು ಎರಡೂ ಈ ಕಡ್ಡಿಯಲ್ಲೇ.

ಜಪಾನಿನ ಬೇಸಿಗೆಯೆಂದರೆ ಮಳೆ ಮತ್ತು ಸೆಕೆ. ಪರಿಮಳಕ್ಕೆ ಹೆಸರಾದ ಯುರೋಪಿನ 'ಮಸ್ಕಟ್ ಆಫ್ ಅಲೆಕ್ಸಾಂಡ್ರಿಯಾ' ಅಲ್ಲಿನ ಬಯಲಿನಲ್ಲಿ ಬಾಳುವುದಿಲ್ಲ. ಹಣ್ಣು ಬಿರಿಯುತ್ತದೆ, ರೋಗ ಹತ್ತುತ್ತದೆ. ಒಕಾಯಾಮಾದ ರೈತರು ಅದನ್ನು ಗಾಜಿನ ಮನೆ ಕಟ್ಟಿ ಬೆಳೆದರು. ಅಮೆರಿಕ ಮೂಲದ ತಳಿಗಳು ಮಳೆಗೆ ಜಗ್ಗುವುದಿಲ್ಲ, ಆದರೆ ತಿರುಳು ಮೆತ್ತಗೆ, ವಾಸನೆ ಘಾಟು. ಎರಡರ ಒಳ್ಳೆಯ ಗುಣವೂ ಒಂದೇ ಗೊಂಚಲಿನಲ್ಲಿ ಬರಲೆಂದು ಹಿರೋಷಿಮಾ ಪ್ರಾಂತದ ಅಕಿತ್ಸುವಿನ ಸರಕಾರಿ ಸಂಶೋಧನಾ ಕೇಂದ್ರ ಹಟ ಹಿಡಿಯಿತು. ಮೊದಲ ಪ್ರಯತ್ನದಲ್ಲಿ 'ಅಕಿತ್ಸು 21' ಹುಟ್ಟಿತು. ಅದರ ಹಣ್ಣೇನೋ ದಪ್ಪ, ಪರಿಮಳ ಮಾತ್ರ ಬೆರಕೆ. 1988ರಲ್ಲಿ ಅದನ್ನು 'ಹಕುನಾನ್' ಎಂಬ ತಳಿಯೊಡನೆ ಕೂಡಿಸಿದರು. ಸಸಿ ಬೆಳೆಸಿ, ಹಣ್ಣು ಬಿಡಿಸಿ, ರುಚಿ ನೋಡಿ, ಬೇರೆ ಬೇರೆ ಊರುಗಳಲ್ಲಿ ನೆಟ್ಟು ಪರೀಕ್ಷಿಸಿ, 2006ರಲ್ಲಿ ಶೈನ್ ಮಸ್ಕಟ್ ಎಂಬ ಹೆಸರಿನಲ್ಲಿ ನೋಂದಾಯಿಸಿದರು.

ಯಮನಾಶಿ, ನಾಗಾನೋ, ಒಕಾಯಾಮಾದ ಸಣ್ಣ ಹಿಡುವಳಿದಾರರ ಕೈಗೆ ಬಂದ ಮೇಲೆ ಈ ಹಣ್ಣು ಇನ್ನೊಮ್ಮೆ ಹುಟ್ಟಿತೆನ್ನಬೇಕು. ಹೂ ಅರಳಿದಾಗ ಒಂದೊಂದೇ ಗೊಂಚಲನ್ನು ಲೋಟದಲ್ಲಿಟ್ಟ ಜಿಬ್ಬರೆಲಿನ್ ದ್ರಾವಣದಲ್ಲಿ ಅದ್ದಬೇಕು, ಹತ್ತು ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಆಗಲೇ ಬೀಜ ಕೂರದೆ ಕಾಯಿ ದಪ್ಪವಾಗುವುದು. ಆಮೇಲೆ ಕತ್ತು ಮೇಲೆತ್ತಿಕೊಂಡು ನಿಂತು, ಸಣ್ಣ ಕತ್ತರಿಯಿಂದ ಗೊಂಚಲಿನ ನಡುವಿನ ಕಾಯಿ ತೆಗೆದು ತೆಳುವಾಗಿಸಬೇಕು. ಕೊನೆಗೆ ಗೊಂಚಲಿಗೊಂದು ಕಾಗದದ ಚೀಲ. ಸಿಪ್ಪೆ ಸಮೇತ ಕಚ್ಚಿದರೆ ಕಟುಂ ಎನ್ನುವ ಆ ಹಸಿರು ಹಣ್ಣಿನ ಹಿಂದೆ ಇಷ್ಟೊಂದು ಕೈಗಳ ಕೆಲಸವಿದೆ.

ತಪ್ಪಿದ್ದು ತೋಟದಲ್ಲಲ್ಲ, ಕಾಗದದಲ್ಲಿ. ತಳಿಯ ಹಕ್ಕು ಆಯಾ ದೇಶದೊಳಗೆ ಮಾತ್ರ ನಡೆಯುತ್ತದೆ. ಬೇರೆ ದೇಶದಲ್ಲೂ ಹಕ್ಕು ಬೇಕೆಂದರೆ ಅಲ್ಲಿ ಬೇರೆಯದೇ ಅರ್ಜಿ, ಅಲ್ಲಿನ ಭಾಷೆಯ ದಾಖಲೆ, ಅಲ್ಲಿನ ಶುಲ್ಕ. ಅದಕ್ಕೊಂದು ಗಡುವೂ ಇದೆ: ಮರ ಮತ್ತು ದ್ರಾಕ್ಷಿಯಂಥ ಬಳ್ಳಿಗಳಾದರೆ, ತವರಿನಲ್ಲಿ ಮಾರಾಟಕ್ಕೆ ಬಂದ ಆರು ವರ್ಷದೊಳಗೆ ಅರ್ಜಿ ಬೀಳಬೇಕು. ದೇಶದೊಳಗೇ ತಿಂದು ಮುಗಿಯುವ ಹಣ್ಣಿಗೆ ಹೊರದೇಶದ ಹಕ್ಕೇಕೆ ಎಂಬ ಲೆಕ್ಕದಲ್ಲಿ ಚೀನಾ, ದಕ್ಷಿಣ ಕೊರಿಯಾಗಳಿಗೆ ಅರ್ಜಿ ಹೋಗಲೇ ಇಲ್ಲ. 2012ಕ್ಕೆ ಗಡುವು ಮುಗಿಯಿತು.

ಅಷ್ಟರಲ್ಲಿ ಕಡ್ಡಿ ಕಡಲು ದಾಟಿತ್ತು. ಚೀನಾದಲ್ಲಿ ಅದಕ್ಕೆ 'ಬಿಸಿಲ ಗುಲಾಬಿ' ಎಂಬರ್ಥದ ಹೆಸರಿಟ್ಟರು. ನೋಡನೋಡುತ್ತ ಅಲ್ಲಿನ ತೋಟಗಳು ಜಪಾನಿನದಕ್ಕಿಂತ ಹತ್ತಾರು ಪಟ್ಟು ಹಬ್ಬಿದವು. ಹಾಂಗ್‌ಕಾಂಗ್, ವಿಯೆಟ್ನಾಂ ಮಾರುಕಟ್ಟೆಗಳಲ್ಲಿ ಕೊರಿಯಾದ ಶೈನ್ ಮಸ್ಕಟ್ ಜಪಾನಿನದಕ್ಕಿಂತ ಅಗ್ಗಕ್ಕೆ ಸಿಗತೊಡಗಿತು. ಅಲ್ಲಿನ ರೈತರನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ಅವರ ದೇಶದ ಕಾನೂನಿನಲ್ಲಿ ಅದು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಎಲ್ಲರೂ ಅದನ್ನೇ ನೆಟ್ಟು ಬೆಲೆ ಕುಸಿದಾಗ ಅವರೂ ಕೈ ಸುಟ್ಟುಕೊಂಡರು. ಆದರೆ ಚೀನಾ ಒಂದರಿಂದಲೇ ವರ್ಷಕ್ಕೆ 1,000 ಕೋಟಿ ಯೆನ್‌ಗೂ ಮೀರಿದ ರಾಯಧನ ಕೈತಪ್ಪುತ್ತಿದೆ ಎಂದು ಜಪಾನಿನ ಕೃಷಿ ಸಚಿವಾಲಯ ಅಂದಾಜು ಮಾಡಿದ್ದನ್ನು ಓದಿದಾಗ, ಕತ್ತರಿ ಹಿಡಿದು ಕತ್ತೆತ್ತಿ ನಿಂತ ಆ ರೈತರು ಕಣ್ಣಮುಂದೆ ಬರುತ್ತಾರೆ.

ಇಶಿಕಾವಾ ಪ್ರಾಂತದ 'ರೂಬಿ ರೋಮನ್' ಕೆಂಪು ದ್ರಾಕ್ಷಿಯದು ಇನ್ನೊಂದು ಪಾಠ. ಒಂದು ಹಣ್ಣು 20 ಗ್ರಾಮಿಗಿಂತ ಕಡಿಮೆ ತೂಗಿದರೆ ಆ ಹೆಸರಿನಲ್ಲಿ ಮಾರುವಂತಿಲ್ಲ. ಅಷ್ಟು ಕಟ್ಟುನಿಟ್ಟು. ಅದೇ ಹೆಸರಿನ ಹಣ್ಣು ಕೊರಿಯಾದ ಅಂಗಡಿಯಲ್ಲಿ ಕಂಡಾಗ ಇಶಿಕಾವಾದವರು ಅದನ್ನು ಕೊಂಡು ಡಿಎನ್ಎ ಪರೀಕ್ಷೆ ಮಾಡಿಸಿದರು. ತಮ್ಮದೇ ತಳಿ. ತಳಿಹಕ್ಕಿನ ಗಡುವು ಮುಗಿದಿತ್ತು, ಹೆಸರನ್ನೂ ಅಲ್ಲಿ ಬೇರೊಬ್ಬರು ಮೊದಲೇ ನೋಂದಾಯಿಸಿಕೊಂಡಿದ್ದರು. ತಾವೇ ಇಟ್ಟ ಹೆಸರಿಗಾಗಿ ಪರದೇಶದಲ್ಲಿ ವ್ಯಾಜ್ಯ ಹೂಡಬೇಕಾಯಿತು.

ನಮ್ಮ 'ಬೆಂಗಳೂರು ನೀಲಿ' ದ್ರಾಕ್ಷಿಗೂ ಭೌಗೋಳಿಕ ಗುರುತಿನ ಮುದ್ರೆ ಇದೆ. ಅದರ ಬಲವೂ ಭಾರತದ ಗಡಿಯವರೆಗೆ ಮಾತ್ರ. ದೇವನಹಳ್ಳಿ, ಚಿಕ್ಕಬಳ್ಳಾಪುರದ ರೈತರ ಸಂಘಗಳಿಗೆ ಇದನ್ನು ಯಾರಾದರೂ ಕೂತು ಬಿಡಿಸಿ ಹೇಳಬೇಕು; ಹಣ್ಣು ಹೊರದೇಶಕ್ಕೆ ಹೊರಟ ದಿನವಲ್ಲ, ಅದಕ್ಕೂ ಮೊದಲು.

2020ರ ಡಿಸೆಂಬರಿನಲ್ಲಿ ಜಪಾನ್ ತನ್ನ ಬೀಜ ಮತ್ತು ಸಸಿ ಕಾನೂನನ್ನು ತಿದ್ದಿತು. 2021ರ ಏಪ್ರಿಲ್‌ನಿಂದ, ನಿರ್ಬಂಧಿತ ತಳಿಯ ಸಸಿ ಹೊರಗೆ ಸಾಗಿಸಿದವರಿಗೆ 10 ವರ್ಷದವರೆಗೆ ಜೈಲು, 1 ಕೋಟಿ ಯೆನ್‌ವರೆಗೆ ದಂಡ. ಕಂಪನಿಯಾದರೆ 30 ಕೋಟಿ. ಅಲ್ಲಿನ ನರ್ಸರಿಗಳಲ್ಲಿ ಈಗ ಅಂಥ ಸಸಿಯ ಜೊತೆ ಒಂದು ಚೀಟಿ ಇರುತ್ತದೆ: ಹೊರದೇಶಕ್ಕೆ ಒಯ್ಯುವಂತಿಲ್ಲ. ಶೈನ್ ಮಸ್ಕಟ್ ಸಸಿಗೂ ಆ ಚೀಟಿ ಕಟ್ಟುತ್ತಾರೆ.