ಕುದುರೆಯ ಲಾಯದಲ್ಲಿ

ಕುದುರೆಯೆಂದೊಡನೆ ಮೈಸೂರಿನವರಾದ ನಮ್ಮ ಮನಸ್ಸು ದಸರೆಯ ಮೆರವಣಿಗೆಯ ಕಡೆಗೆ ಹರಿಯುತ್ತದೆ. ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ 1918ನೆಯ ಇಸವಿ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಹೈಫಾ ಪಟ್ಟಣವನ್ನು ಹಿಡಿದ ಸಂಗತಿಯೂ ನೆನಪಿಗೆ ಬಂದೀತು. ಎರಡೂ ಹೆಮ್ಮೆಯ ವಿಷಯಗಳೇ. ಆದರೆ ಎರಡು ಚಿತ್ರಗಳಲ್ಲಿಯೂ ಕುದುರೆ ಆಗಲೇ ಸಿದ್ಧವಾಗಿ ನಿಂತಿರುತ್ತದೆ. ಮೈ ಹೊಳೆಯುತ್ತಿರುತ್ತದೆ, ಜೀನು ಬಿಗಿದಿರುತ್ತದೆ, ಸವಾರನ ಇಂಗಿತವನ್ನು ಅದು ಬಲ್ಲದು. ಅದನ್ನು ಆ ಸ್ಥಿತಿಗೆ ತಂದವರು ಯಾರು, ಹೇಗೆ ತಂದರು ಎಂದು ಮೆರವಣಿಗೆಯನ್ನು ನೋಡುವವರು ಕೇಳುವುದಿಲ್ಲ. ಶ್ರೋತೃ ಮಹಾಶಯರೇ, ನಾವು ಇಂದು ಹೇಳಹೊರಟಿರುವುದು ಆ ಹಿಂದಣ ಕಥೆಯನ್ನು.

ಊರಿನ ಹೊರಗೆ, ಚಾಮುಂಡಿಬೆಟ್ಟವು ಕಣ್ಣಿಗೆ ನೇರವಾಗಿ ಕಾಣುವಲ್ಲಿ, ಐದು ಕುದುರೆಗಳಿರುವ ಒಂದು ಸಣ್ಣ ಲಾಯವುಂಟು. ಸವಾರಿ ಕಲಿಯುವ ಆಸೆಯಿಂದ ನಾವು ಅಲ್ಲಿಗೆ ಹೋದೆವು. ನಲವತ್ತು ದಾಟಿದ ಮೇಲೆ ಇದೆಂಥ ಹುಚ್ಚು ಎಂದು ಮನೆಯಲ್ಲಿ ನಕ್ಕರು. ಲಾಯದ ಹಿರಿಯ ಕಾಸ್ತಾರರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಅವರು ನಮ್ಮ ಹೊಸ ಬೂಟುಗಳನ್ನು ಒಮ್ಮೆ ನೋಡಿ, “ಸವಾರಿ ಆಮೇಲಾಗಲಿ ಮೇಷ್ಟ್ರೇ, ಮೊದಲು ಲದ್ದಿ ಬಾಚಿ” ಎಂದು ಸಲಿಕೆಯನ್ನು ಕೈಗೆ ಕೊಟ್ಟರು. ಮೂರು ವಾರಗಳ ಕಾಲ ನಾವು ಜೀನನ್ನು ಮುಟ್ಟಲಿಲ್ಲ.

ಇದನ್ನು ನಾವು ಮೊದಲು ಅವಮಾನವೆಂದೆಣಿಸಿದೆವು. ಪಾಠವೆಂದು ತಿಳಿದದ್ದು ತಡವಾಗಿ. ಬೆಳಗಿನ ಐದು ಗಂಟೆಗೆ ಲಾಯದ ಬಾಗಿಲು ತೆರೆದಾಗ ಕುದುರೆಯ ಆರೋಗ್ಯದ ಸಮಾಚಾರವೆಲ್ಲ ನೆಲದ ಮೇಲೆ ಬಿದ್ದಿರುತ್ತದೆ. ರಾತ್ರಿ ಎಷ್ಟು ಬಾರಿ ಲದ್ದಿ ಹಾಕಿದೆ, ಅದು ಗಟ್ಟಿಯೋ ತೆಳುವೋ, ಅದರಲ್ಲಿ ಹುರುಳಿಕಾಳು ಅಗಿಯದೆ ಹಾಗೆಯೇ ಉಳಿದಿದೆಯೋ ಎಂಬುದನ್ನು ನೋಡಬೇಕು. ಕಾಳು ಹಾಗೆಯೇ ಉಳಿದಿದ್ದರೆ ಹಲ್ಲನ್ನು ಪರೀಕ್ಷಿಸಬೇಕಾಗುತ್ತದೆ. ಕುದುರೆಯ ಹಲ್ಲು ಸವೆದಂತೆಲ್ಲ ಮೇಲಕ್ಕೆ ಬರುತ್ತಲೇ ಇರುತ್ತದೆ. ಸವೆತವು ಸಮನಾಗಿಲ್ಲದಿದ್ದರೆ ಅಂಚು ಚೂಪಾಗಿ ಕೆನ್ನೆಯನ್ನು ಕೊರೆಯುತ್ತದೆ. ಅಂಥ ಬಾಯಿಗೆ ಕಡಿವಾಣ ತೊಡಿಸಹೋದರೆ ಕುದುರೆ ತಲೆ ಕೊಡವುತ್ತದೆ, ನಾವು ಅದನ್ನು ಮೊಂಡು ಎನ್ನುತ್ತೇವೆ.

ಮೇವಿನ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಅಷ್ಟು ದೊಡ್ಡ ದೇಹಕ್ಕೆ ಕುದುರೆಯ ಜಠರವು ಬಹಳ ಚಿಕ್ಕದು. ಅದರಲ್ಲಿ ಹಿಡಿಸುವುದು ಸುಮಾರು 8ರಿಂದ 15 ಲೀಟರು ಮಾತ್ರ. ದಿನದ ಬಹುಭಾಗವನ್ನು ಬಯಲಿನಲ್ಲಿ ಸ್ವಲ್ಪಸ್ವಲ್ಪವಾಗಿ ಮೇಯುತ್ತ ಕಳೆಯತಕ್ಕ ಪ್ರಾಣಿ ಅದು. ಹುಲ್ಲಿನ ನಾರು ಜೀರ್ಣವಾಗುವುದು ಜಠರದಲ್ಲಲ್ಲ, ಅದರಿಂದ ಬಹುದೂರ ಮುಂದೆ, ದೊಡ್ಡ ಕರುಳಿನಲ್ಲಿ, ಅಲ್ಲಿರುವ ಸೂಕ್ಷ್ಮಜೀವಿಗಳ ಸಹಾಯದಿಂದ. ಇಷ್ಟರಮೇಲೆ ಕುದುರೆ ವಾಂತಿ ಮಾಡಲಾರದು. ತಿಂದದ್ದು ಒಗ್ಗದಿದ್ದರೆ ಹೊರಕ್ಕೆ ಹಾಕುವ ದಾರಿ ನಮಗೆ ಉಂಟು, ಅದಕ್ಕಿಲ್ಲ. ಆದುದರಿಂದ 400 ಕಿಲೋಗ್ರಾಂ ತೂಗುವ ಕುದುರೆಗೆ ದಿನಕ್ಕೆ ಸುಮಾರು 8 ಕಿಲೋಗ್ರಾಂ ಒಣಹುಲ್ಲನ್ನು ಹಲವು ಪಾಲು ಮಾಡಿ ಹಾಕುತ್ತಾರೆ. ಬೇಯಿಸಿದ ಹುರುಳಿ, ಬೂಸ ಮೊದಲಾದವು ಮಿತವಾಗಿರತಕ್ಕದ್ದು. ನೀರಂತೂ 25 ಲೀಟರಿಗೆ ಕಡಿಮೆಯಾಗದಂತೆ, ಬೇಸಗೆಯಲ್ಲಿ ಅದಕ್ಕೂ ಹೆಚ್ಚಾಗಿ, ಯಾವಾಗಲೂ ಇರಬೇಕು.

ಇದನ್ನೆಲ್ಲ ಪುಸ್ತಕದಲ್ಲಿ ಓದಿ ತಿಳಿದಿದ್ದ ನಾವೇ ಒಂದು ಯುಗಾದಿಯ ದಿನ, ಹಬ್ಬವಲ್ಲವೆ ಎಂದು, ಕರಿಯನೆಂಬ ಕುದುರೆಗೆ ಯಾರೂ ಇಲ್ಲದಾಗ ಇನ್ನೊಂದು ಪಾಲು ಹುರುಳಿಯನ್ನು ತಿನ್ನಿಸಿದೆವು. ಸಂಜೆಯ ಹೊತ್ತಿಗೆ ಅದು ತಿರುಗಿ ತಿರುಗಿ ತನ್ನ ಪಕ್ಕೆಯನ್ನು ನೋಡತೊಡಗಿತು. ಮುಂಗಾಲಿನಿಂದ ನೆಲ ಕೆರೆಯಿತು, ಮಲಗಿತು, ಹೊರಳಿತು. ಕುದುರೆಗಳಿಗೆ ಹೊಟ್ಟೆಶೂಲೆಯೆಂದರೆ ಪ್ರಾಣಾಪಾಯದ ಮಾತು. ಸ್ವಸ್ಥವಾಗಿರುವಾಗ ನಿಮಿಷಕ್ಕೆ 28ರಿಂದ 44ರವರೆಗೆ ಇರತಕ್ಕ ನಾಡಿಯು 60ನ್ನು ದಾಟಿತ್ತು. ಪಶುವೈದ್ಯರು ಬರುವವರೆಗೆ ಅದು ಹೊರಳದಂತೆ ಮೆಲ್ಲನೆ ನಡೆಸಿದೆವು. ಅವರು ಬಂದು ನೋವಿಗೆ ಚುಚ್ಚುಮದ್ದು ಕೊಟ್ಟು, ಮೂಗಿನ ಮೂಲಕ ಜಠರಕ್ಕೆ ಕೊಳವೆಯನ್ನಿಳಿಸಿದರು. ಬೆಳಗಿನ ಜಾವಕ್ಕೆ ಕರಿಯ ಲದ್ದಿ ಹಾಕಿದಾಗ ನಮಗೆ ಆದ ಸಂತೋಷ, ನಮ್ಮ ಪದವಿಪರೀಕ್ಷೆಯ ಫಲಿತಾಂಶ ಬಂದ ದಿನವೂ ಆಗಿರಲಿಲ್ಲ. ಚಾಚಾ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಸಲಿಕೆಯನ್ನು ಮಾತ್ರ ಮತ್ತೆ ಕೈಗೆ ಕೊಟ್ಟರು.

ಇನ್ನು ಗೊರಸು. ಅದು ತಿಂಗಳಿಗೆ ಒಂದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆಯಾಗಿ ಬೆಳೆಯುತ್ತದೆ. ಆರರಿಂದ ಎಂಟು ವಾರಗಳಿಗೊಮ್ಮೆ ಲಾಳವನ್ನು ಬಿಚ್ಚಿ, ಬೆಳೆದುದನ್ನು ಕತ್ತರಿಸಿ, ಮತ್ತೆ ಹೊಡೆಯಬೇಕು. ದಿನವೂ ಅಡಿಯ ಕೆಸರು ಕಲ್ಲುಗಳನ್ನು ಕೆರೆದು ತೆಗೆಯಬೇಕು. ಒದ್ದೆ ನೆಲದಲ್ಲಿ ನಿಂತರೆ ಗೊರಸಿನ ಅಡಿಯ ಮೆತ್ತನೆಯ ಭಾಗ ಕೊಳೆತು ನಾರುತ್ತದೆ. ಇದಕ್ಕೆಲ್ಲ ಕುದುರೆ ತಾನಾಗಿ ಕಾಲನ್ನು ನಮ್ಮ ಕೈಗೆ ಕೊಡಬೇಕಷ್ಟೆ. ಅಪಾಯ ಕಂಡರೆ ಓಡುವುದೊಂದೇ ತಿಳಿದ ಪ್ರಾಣಿಗೆ ಕಾಲನ್ನು ಪರರ ಕೈಗೆ ಒಪ್ಪಿಸುವುದು ಸಾಮಾನ್ಯವಾದ ತ್ಯಾಗವಲ್ಲ.

ಗೌರಿಯೆಂಬ ಹೆಣ್ಣು ಕುದುರೆ ಹಿಂಗಾಲನ್ನು ಯಾರಿಗೂ ಕೊಡುತ್ತಿರಲಿಲ್ಲ. ಹಿಂದೆ ಎಲ್ಲಿಯೋ ಗಾಡಿ ಎಳೆಯುತ್ತಿದ್ದ ಅದನ್ನು, ತುಟಿಗೆ ಹಗ್ಗ ಬಿಗಿದು, ನಾಲ್ಕು ಜನ ಹಿಡಿದು ಲಾಳ ಹೊಡೆಸುತ್ತಿದ್ದರೆಂದು ತೋರುತ್ತದೆ. ಲಾಳ ಹೊಡೆಯುವವನು ಒದೆ ತಿಂದು, ಇನ್ನು ಬರುವುದಿಲ್ಲವೆಂದು ಹೊರಟುಹೋದ. ಗೊರಸು ಬೆಳೆದು ಹೆಜ್ಜೆ ಓರೆಯಾಗತೊಡಗಿತು. ಕಾಲು ಕೆಟ್ಟ ಕುದುರೆಗೆ ಸಣ್ಣ ಲಾಯದಲ್ಲಿ ಜಾಗವಿಲ್ಲ. ಎರಡು ತಿಂಗಳೊಳಗೆ ಸರಿಹೋಗದಿದ್ದರೆ ಮಾರಿಬಿಡುವುದೆಂದು ಯಜಮಾನರು ಹೇಳಿದರು. ಅಂಥ ಕುದುರೆಯನ್ನು ಕೊಳ್ಳುವವರು ಎಂಥವರೆಂಬುದು ಎಲ್ಲರಿಗೂ ತಿಳಿದಿತ್ತು.

ಚಾಚಾ ಆ ಕೆಲಸವನ್ನು ನಮಗೆ ಒಪ್ಪಿಸಿದರು. ವಿಧಾನ ಬಹು ಸರಳವಾದುದು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲಿನದೆಲ್ಲ ಹೆಚ್ಚುಕಡಮೆ ಅದಕ್ಕೆ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ. ಆದುದರಿಂದ ಮಾತನಾಡುತ್ತ ಪಕ್ಕದಿಂದಲೇ ಬಂದು, ಹೆಗಲಿನಿಂದ ಬೆನ್ನಿನ ಮೇಲೆ ಕೈ ಸವರುತ್ತ ಹಿಂಗಾಲಿಗೆ ಬರಬೇಕು. ಕಾಲನ್ನು ಮೆಲ್ಲನೆ ಒತ್ತಬೇಕು. ಅದು ಆ ಕಾಲಿನ ಭಾರವನ್ನು ಕೂದಲೆಳೆಯಷ್ಟು ಕಡಿಮೆಮಾಡಿದ ಕ್ಷಣದಲ್ಲಿಯೇ ಕೈ ತೆಗೆಯಬೇಕು. ಒತ್ತುವುದು ಪ್ರಶ್ನೆ, ಬಿಡುವುದು ‘ಸರಿ’ ಎಂಬ ಉತ್ತರ. ಕುದುರೆ ಕಲಿಯುವುದು ಒತ್ತಿದ್ದರಿಂದಲ್ಲ, ಬಿಟ್ಟದ್ದರಿಂದ. ಒಂದೆರಡು ಕ್ಷಣ ತಡವಾದರೂ ಯಾವುದಕ್ಕೆ ಬಿಟ್ಟರೆಂದು ಅದಕ್ಕೆ ತಿಳಿಯುವುದಿಲ್ಲ. ಒದ್ದಾಗ ಹೆದರಿ ಕೈ ತೆಗೆದೆವೋ, ಒದೆಯುವುದೇ ಸರಿಯಾದ ಉತ್ತರವೆಂದು ನಾವೇ ಕಲಿಸಿದಂತಾಯಿತು.

ನಾಲ್ಕನೆಯ ವಾರದ ಹೊತ್ತಿಗೆ ಗೌರಿ ಕಾಲನ್ನು ಒಂದು ಗೇಣು ಎತ್ತುತ್ತಿತ್ತು. ಆಗ ಒಂದು ಬೆಳಗ್ಗೆ, ಕಾಲೇಜಿನ ಪಾಠಕ್ಕೆ ಹೊತ್ತಾಗುತ್ತಿದ್ದುದರಿಂದ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ನಾವು ಕಾಲನ್ನು ಬಿಡದೆ ಹಿಡಿದೆವು. ಅದು ಕಿತ್ತುಕೊಂಡು ಗೋಡೆಗೆ ಆತು ನಿಂತು ನಡುಗಿತು. ಮಾರನೆಯ ದಿನ ಬೆನ್ನನ್ನೂ ಮುಟ್ಟಗೊಡಲಿಲ್ಲ. ಹತ್ತು ದಿನಗಳ ಕೆಲಸ ಹತ್ತು ಕ್ಷಣಗಳಲ್ಲಿ ಹೋಯಿತು.

ಕುದುರೆಗೆ ನಮ್ಮ ಆತುರ ಹೇಗೆ ತಿಳಿಯುತ್ತದೆ? ಇದಕ್ಕೆ ಬರ್ಲಿನ್ ನಗರದ ಒಂದು ಪ್ರಸಿದ್ಧ ಪ್ರಸಂಗದಿಂದ ಸಮಾಧಾನ ದೊರೆಯುತ್ತದೆ. ಅಲ್ಲಿ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತೋಪಾಧ್ಯಾಯರ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡಿ, ಉತ್ತರವನ್ನು ಗೊರಸು ಕುಟ್ಟಿ ಹೇಳುತ್ತಿತ್ತು. 1904ರಲ್ಲಿ ಪಂಡಿತರು ಸೇರಿ ಪರೀಕ್ಷಿಸಿದರೂ ಮೋಸ ಕಾಣಲಿಲ್ಲ. ಕೊನೆಗೆ ಆಸ್ಕರ್ ಫುಂಗ್ಸ್ಟ್ ಎಂಬಾತ ಶೋಧಿಸಿ, 1907ರಲ್ಲಿ ಅದರ ಗುಟ್ಟನ್ನು ಪ್ರಕಟಿಸಿದ. ಕೇಳುವವನಿಗೇ ಉತ್ತರ ತಿಳಿಯದಿದ್ದರೆ ಹಾನ್ಸ್ ತಪ್ಪುತ್ತಿತ್ತು. ಕೇಳುವವನು ಕಣ್ಣಿಗೆ ಕಾಣದಿದ್ದರೂ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದೊಡನೆ ಕೇಳುವವನು ತನಗರಿಯದಂತೆಯೇ ತಲೆಯನ್ನು ಅತ್ಯಲ್ಪವಾಗಿ ಅಲುಗಿಸುತ್ತಿದ್ದ. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಮೇಷ್ಟರ ಮುಖ ನೋಡಿ ಉತ್ತರ ಹೇಳುವ ವಿದ್ಯಾರ್ಥಿಗಳು ನಮ್ಮ ತರಗತಿಗಳಲ್ಲಿಯೂ ಉಂಟು, ಆದರೆ ಹಾನ್ಸನ ಸೂಕ್ಷ್ಮತೆ ಅವರಿಗಿಲ್ಲ.

ಗ್ರೀಸಿನ ಜೆನೊಫನ್ನನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಕುದುರೆಯ ಬಳಿ ಕೋಪದಿಂದ ಹೋಗಕೂಡದೆಂದು ಬರೆದಿಟ್ಟಿದ್ದಾನೆ. ನಮ್ಮ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಅಶ್ವಗಳ ವಿಚಾರವುಂಟು. ಚಾಚಾ ಇವೆರಡನ್ನೂ ಓದಿದವರಲ್ಲ. ಅವರು ನಮ್ಮ ಹಿಂದೆ ನಿಂತು, “ಉಸಿರು ಬಿಡಿ ಮೇಷ್ಟ್ರೇ, ನೀವು ಉಸಿರು ಹಿಡಿದಿದ್ದೀರಿ. ಅದಕ್ಕೇ ಅವಳೂ ಹಿಡಿದಿದ್ದಾಳೆ” ಎಂದರು. ಉಸಿರು ಬಿಟ್ಟೆವು. ಗೌರಿ ತಲೆ ತಗ್ಗಿಸಿ, ತುಟಿ ಸಡಿಲಿಸಿ, ದವಡೆ ಆಡಿಸಿತು. ಮತ್ತೆ ಮೊದಲಿನಿಂದ ಆರಂಭಿಸಿದೆವು.

ಈ ನಡುವೆ ಸವಾರಿಯೂ ಸಾಗಿತ್ತು. ಉದ್ದ ಹಗ್ಗದಲ್ಲಿ ಕುದುರೆಯನ್ನು ವೃತ್ತವಾಗಿ ನಡೆಸುವುದು, ಮಾತಿನಿಂದಲೇ ನಡಿಗೆಯಿಂದ ಕುಕ್ಕುಲೋಟಕ್ಕೆ ಏರಿಸಿ ಇಳಿಸುವುದು, ಲಗಾಮನ್ನು ಸಡಿಲವಾಗಿ ಹಿಡಿಯುವುದು. ನಾಗಾಲೋಟದಲ್ಲಿ ಎರಡು ಬಾರಿ ಬಿದ್ದೆವು. ವಿಶೇಷವೇನೂ ಇಲ್ಲ; ಜೀನಿನ ಮೇಲೆ ಕಲಿಯುವುದೂ ಕಾಲಿನ ಬಳಿ ಕಲಿತ ಅದೇ ಒತ್ತಿ ಬಿಡುವ ಪಾಠವೇ.

ಎಂಟನೆಯ ವಾರ, ಬಹಳ ಹೇಳಿಕೊಂಡ ಮೇಲೆ, ಲಾಳ ಹೊಡೆಯುವವನು ಬಂದ. ಗೌರಿಯಿಂದ ಎರಡು ಮಾರು ದೂರ ನಿಂತು, “ಮೊದಲು ನೀವು ಹಿಡಿದು ತೋರಿಸಿ” ಎಂದ. ಬಲದ ಹಿಂಗಾಲನ್ನು ಗೌರಿ ಕೈ ತಾಗಿದೊಡನೆ ಕೊಟ್ಟಿತು. ಎಡಗಾಲನ್ನು ಒಮ್ಮೆ ಹಿಂದಕ್ಕೆಳೆದುಕೊಂಡಿತು; ನಾವು ಸುಮ್ಮನೆ ನಿಂತೆವು; ತಾನಾಗಿಯೇ ಮತ್ತೆ ಎತ್ತಿತು. ಅವನು ಹತ್ತಿರ ಬಂದು ಕಾಲನ್ನು ತನ್ನ ತೊಡೆಯ ಮೇಲಿರಿಸಿಕೊಂಡು, ತಿಂಗಳುಗಟ್ಟಲೆ ಬೆಳೆದ ಗೊರಸನ್ನು ಕತ್ತರಿಸತೊಡಗಿದ. ಬಿಲ್ಲೆಯಂಥ ತುಂಡುಗಳು ನೆಲಕ್ಕೆ ಬಿದ್ದವು. ಲಾಯದ ನಾಯಿ ಅದಕ್ಕಾಗಿಯೇ ಕಾದಿದ್ದು, ಎಲ್ಲಕ್ಕಿಂತ ದೊಡ್ಡದನ್ನು ಕಚ್ಚಿಕೊಂಡು ಹುಲ್ಲಿನ ಬಣವೆಯ ಹಿಂದಕ್ಕೆ ಓಡಿಹೋಯಿತು.