ಮೀಟರಿನಲ್ಲಿ ಅಳೆಯುವ ಶಕ್ತಿ

ತುಂಗಭದ್ರೆಯ ದಂಡೆಯ ರಾಣೇಬೆನ್ನೂರು ಸೀಮೆಯಲ್ಲಾಗಲಿ, ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯ ಹೊಲಗಳಲ್ಲಾಗಲಿ, ನೀರೆತ್ತುವ ಪಂಪಿನ ಫಲಕವನ್ನು ಓದಿ ನೋಡಿದರೆ ‘ಹೆಡ್’ ಎಂಬುದರ ಮುಂದೆ ಮೀಟರುಗಳಲ್ಲಿ ಒಂದು ಅಂಕಿ ಕಾಣುವುದು. ಈ ಹೆಡ್ ಎಂಬುದು ಪಂಪು ನೀರಿಗೆ ನೀಡುವ ಶಕ್ತಿಯ ಲೆಕ್ಕ; ಶಕ್ತಿಯ ಲೆಕ್ಕವು ಉದ್ದದ ಅಳತೆಯಲ್ಲಿ ಏಕೆ?

ಒಂದು ನ್ಯೂಟನ್ ತೂಕದ ನೀರನ್ನು ಒಂದು ಮೀಟರ್ ಮೇಲೆತ್ತಲು ಒಂದು ಜೂಲ್ ಶಕ್ತಿ ಬೇಕಾಗುವುದರಿಂದ, ಪ್ರತಿ ನ್ಯೂಟನ್ ತೂಕಕ್ಕೆ ದೊರೆತ ಶಕ್ತಿಯು ತಾನಾಗಿಯೇ ಮೀಟರಾಗಿ ಪರಿಣಮಿಸುತ್ತದೆ.

ಹಾವೇರಿಯ ಮನೆಯೊಂದರ ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿ ಮೇಲ್ತೊಟ್ಟಿಯ ನೀರು ನಿಂತಿದೆಯೆನ್ನೋಣ. ಮುಚ್ಚಿದ ನಲ್ಲಿಯಲ್ಲಿ ಆ ಎತ್ತರವು ಸುಮಾರು 98 ಕಿಲೋಪಾಸ್ಕಲ್ ಒತ್ತಡವಾಗಿ ರೂಪಾಂತರ ಹೊಂದುವುದು; ಈ ಒತ್ತಡವನ್ನು ನೀರಿನ ಸಾಂದ್ರತೆ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಲಾಗಿ ಅದೇ 10 ಮೀಟರ್ ದೊರೆಯುವುದು. ಇದೇ ಒತ್ತಡದ ಹೆಡ್. ತೊಟ್ಟಿಯು ವಿಶಾಲವೋ ಸಂಕುಚಿತವೋ ಎಂಬುದು ಈ ಗಣನೆಯಲ್ಲಿ ಬಾರದೆಂಬ ಸಂಗತಿಯು ನನಗೆ ಇಂದಿಗೂ ಪರಮ ವಿಸ್ಮಯಕರವಾದುದು.

1738ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ಡೇನಿಯಲ್ ಬರ್ನೂಲಿಯ ಹೆಸರಿನ ಸಮೀಕರಣವು ಎತ್ತರ, ಒತ್ತಡ, ವೇಗ ಮೂರನ್ನೂ ಹೀಗೆ ಮೀಟರುಗಳಲ್ಲೇ ಕೂಡಿಸುತ್ತದೆ. ಸೆಕೆಂಡಿಗೆ 2 ಮೀಟರ್ ಹರಿಯುವ ನೀರಿನ ವೇಗದ ಪಾಲು ಕೇವಲ 20 ಸೆಂಟಿಮೀಟರ್. ಆದುದರಿಂದ ಪಂಪು ಕೊಳ್ಳುವ ರೈತನು ಮುಖ್ಯವಾಗಿ ಲೆಕ್ಕಿಸತಕ್ಕದ್ದು ನೀರೇರುವ ಎತ್ತರವನ್ನು, ಮತ್ತು ಉದ್ದನೆಯ ಕೊಳವೆಯ ಘರ್ಷಣೆಯು ನುಂಗುವ ಮೀಟರುಗಳನ್ನು.